ಅವರೆ ಸುಗ್ಗಿಯಲ್ಲಿ ಉಬ್ಬಿದ ಡಬ್ಬಗಳು

ಅವರೆಕಾಯಿಯ ಸೊಗಡು ಕೈಗೆ ಅಂಟಿತೆಂದರೆ ಸೋಪು ಹಾಕಿ ತೊಳೆದರೂ ಬೇಗ ಹೋಗುವುದಿಲ್ಲ. ಒಳ್ಳೆಯ ಕಾಯಿಯ ಲಕ್ಷಣವೇ ಅದೆಂದು ನಮ್ಮ ಸೀಮೆಯ ಜನ ಆ ಜಿಡ್ಡಿನ ಬೆರಳನ್ನು ಮೂಗಿಗೆ ಹಿಡಿದುಕೊಂಡು ಸಂತೋಷಪಡುತ್ತಾರೆ. ಮೊನ್ನೆ ತಿ. ನರಸೀಪುರದ ಬಸ್ ನಿಲ್ದಾಣದ ಹೊರಗೆ, ಗೋಣಿತಾಟಿನ ಮೇಲೆ ಸುರಿದಿದ್ದ ರಾಶಿಯ ಮುಂದೆ ನನ್ನ ಹೆಂಡತಿ ಕುಳಿತು ಒಂದೊಂದೇ ಕಾಯಿಯನ್ನು ಅದುಮಿ ನೋಡುತ್ತಿದ್ದಾಗ ನನಗೆ ಆ ಸಂತೋಷ ಉಂಟಾಗಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದು ನಿಂತೆ. ನಂಜನಗೂಡಿನ ಕೈಗಾರಿಕಾ ಪ್ರದೇಶದ ಡಬ್ಬದ ಕಾರ್ಖಾನೆಯೊಂದರಲ್ಲಿ ನಾನು ಕಳೆದಿದ್ದ ಒಂದು ಸುಗ್ಗಿ ಇಡಿಯಾಗಿ ನೆನಪಿಗೆ ಮೇಲೆದ್ದು ಬಂದಿತು.

ನಾನು ಕೆಲಸದಲ್ಲಿದ್ದ ಕಾಲವನ್ನೆಲ್ಲ ಮೈಸೂರಿನ ಒಂದು ಪ್ರಯೋಗಾಲಯದಲ್ಲಿ ಡಬ್ಬದ ಆಹಾರವನ್ನು ಪರೀಕ್ಷಿಸುತ್ತ ಕಳೆದವನು. ಮುಚ್ಚಿದ ಡಬ್ಬದೊಳಗೆ ಆಹಾರ ಕೆಟ್ಟರೆ ಏಕೆ ಕೆಟ್ಟಿತು, ಯಾರ ಕೈಯಲ್ಲಿ ಕೆಟ್ಟಿತು ಎಂದು ಹುಡುಕುವುದು ನನ್ನ ಕೆಲಸವಾಗಿತ್ತು. ಹುಡುಕಿದವನು ನಾನು, ವರದಿಯ ಕೆಳಗೆ ಹೆಸರು ಬರುತ್ತಿದ್ದುದು ನನ್ನ ಮೇಲಿನವರದು. ಒಮ್ಮೆ ದೆಹಲಿಯಿಂದ ಬಂದ ಅಧಿಕಾರಿಗಳ ಮುಂದೆ ನನ್ನದೇ ವರದಿಯನ್ನು ಓದುತ್ತಿದ್ದ ಮೇಲಧಿಕಾರಿ, ಅರ್ಥವಾಗದ ಒಂದು ಅಂಕಿಯ ಬಳಿ ತಡವರಿಸಿ, ಬಾಗಿಲ ಬಳಿ ನಿಂತಿದ್ದ ನನ್ನನ್ನು ನೀರು ತರಲು ಕಳುಹಿಸಿದ್ದರು. ನೀರನ್ನು ತಂದುಕೊಟ್ಟೆ. ಅದನ್ನು ಮರೆತಿಲ್ಲ.

ನಿವೃತ್ತನಾಗಿ ತಿ. ನರಸೀಪುರದಲ್ಲಿ ನೆಲೆಸಿದ ಮೇಲೆ ಒಂದು ಚಳಿಗಾಲದ ಬೆಳಿಗ್ಗೆ ಗಿರೀಶ್ ಎಂಬ ಕಾರ್ಖಾನೆಯ ಮಾಲೀಕ ಫೋನ್ ಮಾಡಿದ. ತಂದೆ ಕಟ್ಟಿದ ಕಾರ್ಖಾನೆಯನ್ನು ಈಚೆಗೆ ವಹಿಸಿಕೊಂಡಿದ್ದ, ಬಹಳ ಓದಿಕೊಂಡಿದ್ದ ಮನುಷ್ಯ. ಅವನ ಕಾರ್ಖಾನೆಯಲ್ಲಿ ಹಿತುಕಿ ಸಿಪ್ಪೆ ಬಿಡಿಸಿದ ಅವರೆಬೇಳೆಯ ಗಟ್ಟಿ ಹುಳಿಯನ್ನು ಡಬ್ಬಕ್ಕೆ ತುಂಬಿ ದೂರದ ಊರುಗಳ ಅಂಗಡಿಗಳಿಗೆ ಕಳಿಸುತ್ತಿದ್ದರು. ದೇವನೂರು, ಹೆಡತಲೆ ಕಡೆಯ ಹೊಲಗಳಿಂದ ಕಾಯಿ ಬರುತ್ತಿತ್ತು. ಸುಲಿದು ಹಿತುಕುವುದಕ್ಕೆ ಹೆಂಗಸರು ನಮ್ಮ ತಿ. ನರಸೀಪುರದ ಕಡೆಯಿಂದಲೂ ಹೋಗುತ್ತಿದ್ದರು. ಹಾಗೆ ಸಿದ್ಧವಾದ ಸರಕಿನ ಒಂದು ಪಾಲನ್ನು ನಮ್ಮೂರಿನ ಹಳೆಯ ಅಕ್ಕಿ ಗಿರಣಿಯೊಂದರ ಗೋದಾಮಿನಲ್ಲಿ ಇರಿಸಿದ್ದರು. ಅಲ್ಲಿ ಡಬ್ಬಗಳು ಉಬ್ಬತೊಡಗಿದ್ದವು.

ನಾನು ಹೋಗಿ ನೋಡಿದೆ. ಚಪ್ಪಟೆಯಾಗಿರಬೇಕಾದ ಮುಚ್ಚಳಗಳು ಹಪ್ಪಳದಂತೆ ಮೇಲೆದ್ದಿದ್ದವು. ಒಂದು ಡಬ್ಬ ಮುಚ್ಚಳದಂಚಿನ ಹೊಲಿಗೆ ಬಿಟ್ಟು ಸುತ್ತಲಿನ ರಟ್ಟಿನ ಪೆಟ್ಟಿಗೆಗಳನ್ನೆಲ್ಲ ತೋಯಿಸಿತ್ತು. ಅದರ ನಾತವನ್ನು ಇಲ್ಲಿ ವರ್ಣಿಸಲಾರೆ. ಕಾವಲಿನ ಮುದುಕ ಮೂಗಿಗೆ ಟವೆಲು ಕಟ್ಟಿಕೊಂಡು ಗಿರಣಿಯ ಹೊರಗಿನ ಕಟ್ಟೆಗೆ ತನ್ನ ವಾಸವನ್ನು ಬದಲಿಸಿದ್ದನೆಂದರೆ ಸಾಕು. ಉಬ್ಬಿದ ಡಬ್ಬಗಳ ಜೊತೆಗೆ ಉಬ್ಬದ ಡಬ್ಬಗಳೂ ಇದ್ದವು. ಓದುಗರು ನಂಬಬೇಕು, ನನಗೆ ಹೆಚ್ಚು ಅನುಮಾನ ಹುಟ್ಟಿಸಿದವು ಈ ಎರಡನೆಯವೇ. ಸರಿಯಾಗಿ ಬೇಯದ ಡಬ್ಬದಲ್ಲಿ ಬೆಳೆಯುವ ವಿಷಗಳಲ್ಲಿ ನಾತವಿಲ್ಲದ, ಉಬ್ಬರವಿಲ್ಲದ ವಿಷವೂ ಒಂದುಂಟು. ಅಂಥದ್ದನ್ನು ತಿಂದವನು ರುಚಿಯಾಗಿದೆ ಎಂದುಕೊಂಡೇ ತಿನ್ನುತ್ತಾನೆ. ಅಷ್ಟೂ ಸರಕನ್ನು ಗೋದಾಮಿನಿಂದ ಕದಲಿಸಕೂಡದೆಂದು ಗಿರೀಶನಿಂದ ಬರೆಸಿಕೊಂಡು, ಬಾಗಿಲಿಗೆ ನನ್ನದೇ ಬೀಗವನ್ನೂ ಹಾಕಿಸಿ, ಬೀಗದ ಕೈಯನ್ನು ಜೇಬಿಗಿಳಿಸಿದ ಮೇಲೆಯೇ ನಾನು ನಂಜನಗೂಡಿನ ಬಸ್ಸು ಹತ್ತಿದ್ದು.

ಸುತ್ತೂರಿನ ಮೇಲೆ ಹೋಗುವ ಬಸ್ಸು ಅದು. ಆ ತಿಂಗಳು ಕಪಿಲೆ ಹೊಳೆಯ ಮೇಲಿಂದ ಏಳುತ್ತಿದ್ದ ಮಂಜು ಗದ್ದೆಬಯಲನ್ನು ಬಹಳ ಹೊತ್ತು ಬಿಡುತ್ತಿರಲಿಲ್ಲ. ಕಾರ್ಖಾನೆಯ ಗೇಟಿನಲ್ಲಿ ನನ್ನನ್ನು ಕಾವಲುಗಾರನ ಸ್ಟೂಲಿನ ಮೇಲೆ ಕೂರಿಸಿ ಒಳಗಿನಿಂದ ಅಪ್ಪಣೆ ಬರುವವರೆಗೆ ಕಾಯಿಸಿದರು. ಕರೆಸಿಕೊಂಡವರೇ ಅವರು. ಕಾಫಿ ಬಂದಾಗ ಮೊದಲ ಲೋಟ ಗಿರೀಶನಿಗೆ, ಎರಡನೆಯದು ಯಂತ್ರ ರಿಪೇರಿ ಮಾಡುವ ಫಿಟ್ಟರ್ ಚಂದ್ರುವಿಗೆ, ಮೂರನೆಯದು ನನಗೆ. ಗಿರೀಶ ನನ್ನನ್ನು ಎಲ್ಲರಿಗೂ ಪರಿಚಯಿಸಿದ್ದು “ನಮ್ಮ ಟೆಸ್ಟಿಂಗ್ ಮೇಷ್ಟ್ರು” ಎಂದು. ನಾನು ಎಂದೂ ಯಾವ ಶಾಲೆಯಲ್ಲಿಯೂ ಪಾಠ ಮಾಡಿದವನಲ್ಲ.

ಬಾಗಿಲು ಮುಚ್ಚಿಕೊಂಡ ಮೇಲೆ ವಿಷಯ ಹೊರಬಂತು. ಡಬ್ಬಗಳನ್ನು ಬೇಯಿಸುವ ಶಿವಮಲ್ಲು ಎಂಬುವನು ಬೇಕೆಂದೇ ಸರಕನ್ನು ಕೆಡಿಸುತ್ತಿದ್ದಾನೆ ಎಂಬುದು ಗಿರೀಶನ ನಂಬಿಕೆ. ಪಕ್ಕದ ರಸ್ತೆಯಲ್ಲಿ ಹೊಸದಾಗಿ ಶುರುವಾಗಿದ್ದ ಇನ್ನೊಂದು ಕಾರ್ಖಾನೆಯವರ ಜೊತೆ ಅವನು ಟೀ ಅಂಗಡಿಯಲ್ಲಿ ಮಾತನಾಡುವುದನ್ನು ನೋಡಿದವರಿದ್ದರಂತೆ.

“ನೀವು ಒಂದು ಮಾತು ಬರೆದುಕೊಡಿ ಸಾರ್ ಸಾಕು, ಬೇಕಂತಲೇ ಕಡಿಮೆ ಬೇಯಿಸಿದ್ದಾನೆ ಅಂತ,” ಎಂದ ಗಿರೀಶ. “ಮಿಕ್ಕಿದ್ದು ಸ್ಟೇಷನ್ನಿನಲ್ಲಿ ನಾನು ನೋಡ್ಕೋತೀನಿ. ಅವನು ಈ ಇಂಡಸ್ಟ್ರಿಯಲ್ ಏರಿಯಾದಲ್ಲೇ ಇನ್ನೊಂದು ಕಡೆ ಕೆಲಸ ಮಾಡಬಾರದು.”

ಹೀಗೆ, ಇನ್ನೂ ಮುಖ ಕಂಡಿರದ ಒಬ್ಬ ಮನುಷ್ಯನ ಅನ್ನವನ್ನೂ ಹೆಸರನ್ನೂ ನನ್ನ ಸಹಿಯ ತುದಿಗೆ ಕಟ್ಟಲಾಯಿತು. ನಾನು ಏನನ್ನೂ ಒಪ್ಪಲಿಲ್ಲ, ಅಲ್ಲಗಳೆಯಲೂ ಇಲ್ಲ. ತೀರ್ಪನ್ನು ಮೊದಲೇ ಕೈಯಲ್ಲಿ ಹಿಡಿದುಕೊಂಡು ಪರೀಕ್ಷಕನನ್ನು ಕರೆಸುವವರ ಮೇಲೆ ನನಗೆ ಸಹಜವಾಗಿಯೇ ಅನುಮಾನ. ಆದರೆ ಅನುಮಾನವನ್ನು ಒಬ್ಬರ ಮೇಲಷ್ಟೇ ಇಟ್ಟುಕೊಳ್ಳುವ ಪಕ್ಷಪಾತವನ್ನು ನಾನು ಎಂದೂ ಮಾಡಿದವನಲ್ಲ. ಶಿವಮಲ್ಲುವನ್ನೂ ಪಟ್ಟಿಯಿಂದ ಬಿಡಲಿಲ್ಲ.

ಮೊದಲು ಡಬ್ಬಗಳೇ ಮಾತನಾಡಲಿ ಎಂದುಕೊಂಡೆ. ಡಬ್ಬ ಕೆಡುವುದಕ್ಕೆ ದೊಡ್ಡ ದಾರಿಗಳು ಎರಡು. ಬೆಂದ ಮೇಲೆ ಹೊಲಿಗೆಯ ಸಂದಿಯಿಂದ ಹೊರಗಿನ ಸೂಕ್ಷ್ಮಜೀವಿ ಒಳನುಗ್ಗಬಹುದು. ಇಲ್ಲವೆ ಒಳಗಿದ್ದುದೇ ಸಾಯದೆ ಉಳಿದಿರಬಹುದು. ಹೊರಗಿನಿಂದ ನುಗ್ಗಿದ್ದರೆ ಸೂಕ್ಷ್ಮದರ್ಶಕದ ಕೆಳಗೆ ಸಂತೆ ನೆರೆದಂತೆ ನಾನಾ ಜಾತಿಯವು ಕಾಣುತ್ತವೆ. ಇಲ್ಲಿ ಕಂಡದ್ದು ಒಂದೇ ಜಾತಿ, ಕಡ್ಡಿಯಾಕಾರದ್ದು, ಬೀಜದಂಥ ಗಟ್ಟಿ ಚಿಪ್ಪು ಕಟ್ಟಿಕೊಂಡು ಕಾವನ್ನು ತಾಳಿಕೊಳ್ಳುವಂಥದ್ದು. ಹೊಲಿಗೆಗಳನ್ನು ಕತ್ತರಿಸಿ ಅಳೆದೆ, ದೋಷವಿರಲಿಲ್ಲ. ಡಬ್ಬ ತಣಿಸುವ ನೀರನ್ನು ಪರೀಕ್ಷಿಸಿದೆ, ಶುದ್ಧವಾಗಿತ್ತು. ಎಂದರೆ ಕಾವು ಸಾಲದೆ ಹೋಗಿದೆ. ಗಿರೀಶ ಹೇಳಿದ್ದು ಅಷ್ಟರಮಟ್ಟಿಗೆ ನಿಜವಾಗಿತ್ತು, ಅದು ನನಗೆ ಇನ್ನೂ ಕಸಿವಿಸಿ ಮಾಡಿತು.

ಬೇಯಿಸುವ ಪಾತ್ರೆಯ ಹೆಸರು ರಿಟಾರ್ಟ್. ಹೆಂಗಸರ ಬಾಯಲ್ಲಿ ಅದು ‘ಅಂಡೆ’. ನೆಲದಲ್ಲಿ ಅರ್ಧ ಹೂತ, ಆಳುದ್ದಕ್ಕೂ ಮಿಗಿಲಾದ ಪ್ರೆಶರ್ ಕುಕ್ಕರ್ ಎಂದುಕೊಳ್ಳಿ. ಬಿಸಿ ಹುಳಿ ತುಂಬಿ ಮುಚ್ಚಿದ ಡಬ್ಬಗಳನ್ನು ಕಬ್ಬಿಣದ ಕ್ರೇಟುಗಳಲ್ಲಿ ಜೋಡಿಸಿ, ರಾಟೆಯಿಂದ ಅದರೊಳಗೆ ಇಳಿಸಿ, ಮೇಲೆ ಭಾರವಾದ ಮುಚ್ಚಳವನ್ನಿಟ್ಟು, ಸುತ್ತಲೂ ಬೋಲ್ಟು ಬಿಗಿದು, ಸ್ಟೀಮ್ ಬಿಡುತ್ತಾರೆ. ಅದರ ಉಷ್ಣಮಾಪಕವನ್ನು ನಾನು ತಂದಿದ್ದ ಮಾಪಕದ ಪಕ್ಕದಲ್ಲಿಟ್ಟು ನೋಡಿದೆ, ಸುಳ್ಳು ಹೇಳುತ್ತಿರಲಿಲ್ಲ. ಗಾಳಿ ಹೊರಹೋಗುವ ಕೊಳವೆ ಕಟ್ಟಿಕೊಂಡಿರಲಿಲ್ಲ. ಶಿವಮಲ್ಲು ಎಷ್ಟು ಹೊತ್ತು ಬೇಯಿಸಬೇಕೋ ಅಷ್ಟು ಹೊತ್ತು ಬೇಯಿಸುತ್ತಿದ್ದ. ನಾನು ಗಡಿಯಾರ ಹಿಡಿದು ಅವನ ಬೆನ್ನ ಹಿಂದೆಯೇ ನಿಂತಿದ್ದೆ.

ಅವನಿಗೆ ಐವತ್ತರ ಆಸುಪಾಸು. ಹೆಡತಲೆಯವನು. ಹಣೆಗೆ ವಿಭೂತಿ, ಬಾಯಿಗೆ ಎಲೆಯಡಿಕೆ, ಮಾತಿಗೆ ಬಲು ಜಿಪುಣ. ಮಗಳೊಬ್ಬಳು ಸುತ್ತೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಾಳೆಂದು ಬೇರೆಯವರಿಂದ ತಿಳಿಯಿತು. ನಾನು ಮೂರು ಪ್ರಶ್ನೆ ಕೇಳಿದರೆ ಒಂದಕ್ಕೆ ತಲೆಯಾಡಿಸುತ್ತಿದ್ದ. ನಾಲ್ಕನೆಯದಕ್ಕೆ, “ಅಲ್ಲೇ ಬರ್ದದಲ್ಲ ಸಾ, ಓದ್ಕಳಿ,” ಎಂದು ಗೋಡೆಯ ಮೇಲಿನ ಸೂಚನಾಫಲಕವನ್ನು ಗಲ್ಲದಲ್ಲೇ ತೋರಿಸಿದ. ಆ ಫಲಕದ ಪಾಠವನ್ನು ಇಂಥ ಕಾರ್ಖಾನೆಗಳಿಗಾಗಿ ನಾನೇ ಸಿದ್ಧಪಡಿಸಿದ್ದೆ, ಪ್ರಯೋಗಾಲಯದಲ್ಲಿದ್ದಾಗ. ಯಥಾಪ್ರಕಾರ ಬೇರೆಯವರ ಹೆಸರಿನಲ್ಲಿ. ಅದನ್ನು ಅವನಿಗೆ ಹೇಳಲಿಲ್ಲ.

ಉಬ್ಬಿದ ಡಬ್ಬಗಳ ತಳದಲ್ಲಿ ಒತ್ತಿದ್ದ ಗುರುತುಗಳಿಂದ ಅವು ಯಾವ ವಾರ, ಯಾವ ಸರದಿಯಲ್ಲಿ ಬೆಂದವೆಂದು ಗೊತ್ತಾಗುತ್ತಿತ್ತು. ಸೋಮವಾರ ಕೆಟ್ಟದ್ದು ಬೆಳಗಿನ ಮೊದಲ ಸರದಿ. ಮಂಗಳವಾರದ ಬೆಳಗಿನದೆಲ್ಲ ಚೆನ್ನಾಗಿತ್ತು, ಕೆಟ್ಟದ್ದು ಇಳಿಹೊತ್ತಿನದು. ಶುಕ್ರವಾರ ಮತ್ತೆ ಬೇರೆ ಹೊತ್ತು. ಯಂತ್ರ ಕೆಟ್ಟರೆ ಹೀಗೆ ಹೊತ್ತು ನೋಡಿಕೊಂಡು ಕೆಡುವುದಿಲ್ಲ. ಮನುಷ್ಯ ಮಾತ್ರ ಹಾಗೆ ಕೆಡಬಲ್ಲ. ನನ್ನ ಅನುಮಾನ ಶಿವಮಲ್ಲುವಿನ ಮೇಲೆ ಭಾರವಾಗಿ ಕುಳಿತದ್ದು ಆಗಲೇ.

ಅದೂ ಅಲ್ಲದೆ ಅವನು ಪ್ರತಿದಿನ ಒಂದು ಹೊತ್ತಿನಲ್ಲಿ ಕಾಣೆಯಾಗುತ್ತಿದ್ದ. ಊಟದ ವೇಳೆಯಲ್ಲಲ್ಲ; ಒಂದೊಂದು ದಿನ ಒಂದೊಂದು ಹೊತ್ತು. ಬಾಯ್ಲರ್ ಮನೆಯ ಹಿಂದಕ್ಕೆ ಹೋದವನು ಬಹಳ ಹೊತ್ತಾದ ಮೇಲೆ ಬರುತ್ತಿದ್ದ. ಒಂದು ಮಂಗಳವಾರ ಹಿಂಬಾಲಿಸಿ ಹೋದೆ. ಪಕ್ಕದ ಕಾರ್ಖಾನೆಯವನೊಬ್ಬ ಗೋಡೆಯಾಚೆ ನಿಂತಿರುತ್ತಾನೆಂಬುದು ನನ್ನ ಎಣಿಕೆ. ಅಲ್ಲಿ ಶಿವಮಲ್ಲು ಒಬ್ಬನೇ ಮಂಕರಿ ಬುಟ್ಟಿಯೊಂದನ್ನು ಬೋರಲು ಹಾಕಿ ಕುಳಿತು ಕಡಲೆಕಾಯಿ ಸುಲಿದು ತಿನ್ನುತ್ತಿದ್ದ. ಮೊಬೈಲನ್ನು ತೊಡೆಯ ಮೇಲಿಟ್ಟುಕೊಂಡು ಆಗಾಗ ಗಂಟೆ ನೋಡುತ್ತಿದ್ದ. ನನ್ನನ್ನು ಕಂಡು ಏಳಲೂ ಇಲ್ಲ, ಬೆಚ್ಚಲೂ ಇಲ್ಲ. ನಾಲ್ಕು ಕಡಲೆಕಾಯಿಯನ್ನು ನನ್ನತ್ತ ನೀಡಿದ. ನಾನು ತೆಗೆದುಕೊಳ್ಳಲಿಲ್ಲ. ಲಂಚಗಳಲ್ಲಿ ಅತಿ ಅಗ್ಗವಾದುದನ್ನೂ ನಾನು ಲಂಚವೆಂದೇ ಎಣಿಸುವವನು.

ಸುಳಿವು ಸಿಕ್ಕಿದ್ದು ಆ ವಾರದ ಶುಕ್ರವಾರ, ಅದೂ ಕಣ್ಣಿಗಲ್ಲ, ಕೈಗೆ. ಹತ್ತೂವರೆ ದಾಟಿತ್ತು. ರಿಟಾರ್ಟಿನ ಮುಂದೆ ತುಂಬಿದ ಕ್ರೇಟುಗಳು ಸಾಲಾಗಿ ನಿಂತಿದ್ದವು. ಶಿವಮಲ್ಲು ಇರಲಿಲ್ಲ. ಬಾಯ್ಲರಿನಲ್ಲಿ ಸ್ಟೀಮ್ ಸಿದ್ಧವಾಗಿತ್ತು. ಮುಳ್ಳು ಏರಬೇಕಾದಷ್ಟು ಏರಿತ್ತು. ಹಾಗಿದ್ದೂ ಕ್ರೇಟುಗಳೇಕೆ ಕಾಯುತ್ತಿವೆ? ನಾನು ಕಾದೆ. ಚಳಿಗಾಲದ ಗಾಳಿ ಶೆಡ್ಡಿನ ಎರಡೂ ಕಡೆಯಿಂದ ಬೀಸುತ್ತಿತ್ತು. ಬಹಳ ಹೊತ್ತಾದ ಮೇಲೆ ನಡುವಿನ ಒಂದು ಡಬ್ಬದ ಮೇಲೆ ಅಂಗೈ ಇಟ್ಟೆ. ಮುಟ್ಟಿದರೆ ಕೈ ಸುಡಬೇಕಾದ ಡಬ್ಬ ಮಗುವಿನ ಹಾಲಿನಷ್ಟು ಉಗುರುಬೆಚ್ಚಗಿತ್ತು.

ಕೆಲಸದ ಗುಟ್ಟು ಇಲ್ಲಿದೆ. ಅವರೆಬೇಳೆಯ ಹುಳಿ ಗಟ್ಟಿ ಪದಾರ್ಥ. ನೀರಿನಂತೆ ಒಳಗೆ ಸುತ್ತಾಡಿ ಕಾವನ್ನು ಹಂಚಿಕೊಳ್ಳುವುದಿಲ್ಲ. ಹೊರಗಿನ ಕಾವು ನಿಧಾನವಾಗಿ ತೆವಳಿಕೊಂಡು ನಟ್ಟನಡುವನ್ನು ಮುಟ್ಟಬೇಕು. ಎಷ್ಟು ಹೊತ್ತು ಬೇಯಿಸಬೇಕೆಂಬ ಲೆಕ್ಕವನ್ನು ಹಾಕಿರುವುದೇ ಡಬ್ಬ ಬಿಸಿಯಾಗಿಯೇ ಒಳಗೆ ಹೋಗುತ್ತದೆ ಎಂದುಕೊಂಡು. ಆರಿದ ಡಬ್ಬವನ್ನು ಅದೇ ಲೆಕ್ಕದಲ್ಲಿ ಬೇಯಿಸಿದರೆ ಹೊರಗಿನದು ಬೇಯುತ್ತದೆ, ನಡುವಿನ ಬೀಜಾಣು ಬದುಕಿಕೊಳ್ಳುತ್ತದೆ. ಮಾಪಕ ಸರಿ, ಗಡಿಯಾರ ಸರಿ, ಸ್ಟೀಮ್ ಸರಿ; ಎಲ್ಲವೂ ಸರಿಯಾಗಿದ್ದು ಡಬ್ಬ ಮಾತ್ರ ಕೆಡುತ್ತದೆ.

ಕ್ರೇಟು ತುಂಬುವ ಹೆಂಗಸರಲ್ಲಿ ಹಿರಿಯಳು ಕೆಂಪಮ್ಮ. ನಮ್ಮ ತಿ. ನರಸೀಪುರದ ಕಡೆಯವಳು, ದಿನವೂ ನನ್ನ ಬಸ್ಸಿನಲ್ಲೇ ಬರುತ್ತಿದ್ದಳು. ಇದೇಕೆ ಹೀಗೆ ನಿಂತಿವೆ ಎಂದು ಅವಳನ್ನು ಕೇಳಿದೆ. ಸೆರಗಿನಿಂದ ಕೈ ಒರೆಸಿಕೊಳ್ಳುತ್ತ, ಇಷ್ಟು ದೊಡ್ಡ ಗಂಡಸಿಗೆ ಇದೂ ತಿಳಿಯದೆ ಎಂಬಂತೆ ನೋಡಿದಳು.

“ಇವತ್ತು ಸುಕ್ರವಾರ ಅಲ್ವಾ ಸಾ,” ಎಂದಳು. “ರಾಹುಕಾಲ ಕಳೀಲಿ ಅಂತ ಮಡಗಿವಿ. ರಾಹುಕಾಲ್ದಲ್ಲಿ ಅಂಡೆಗೆ ಇಸ್ಟೀಮ್ ಬುಡದಿಲ್ಲ.”

ನಾನು ಅಲ್ಲೇ ಒಂದು ಖಾಲಿ ಕ್ರೇಟಿನ ಮೇಲೆ ಕುಳಿತೆ. ಸೋಮವಾರದ ಬೆಳಗು, ಮಂಗಳವಾರದ ಇಳಿಹೊತ್ತು, ಶುಕ್ರವಾರದ ಹತ್ತೂವರೆಯ ಮೇಲೆ. ನಮ್ಮ ಮನೆಯ ಅಡುಗೆಮನೆಯ ಗೋಡೆಯಲ್ಲಿ ನೇತಾಡುವ ಕ್ಯಾಲೆಂಡರಿನಲ್ಲಿ ಅಚ್ಚಾಗಿರುವ ಹೊತ್ತುಗಳು ಇವು. ನನ್ನ ಹೆಂಡತಿ ಆ ಹೊತ್ತಿನಲ್ಲಿ ಹೊರಡಬೇಡಿ ಎಂದಾಗಲೆಲ್ಲ ನಾನು ಹಟಕ್ಕೆ ಬಿದ್ದು ಅದೇ ಹೊತ್ತಿನಲ್ಲಿ ಹೊರಟವನು. ಅಷ್ಟಾದರೂ ಡಬ್ಬದ ತಳದ ಗುರುತುಗಳಲ್ಲಿ ಅದನ್ನು ಕಾಣುವುದಕ್ಕೆ ನನಗೆ ಕೆಂಪಮ್ಮ ಬೇಕಾದಳು.

ರಾಹುಕಾಲ ಕಳೆದು ಶಿವಮಲ್ಲು ಬಂದ. ಅವನನ್ನು ಪಕ್ಕಕ್ಕೆ ಕರೆದು, ರಾಹುವಿಗೂ ಡಬ್ಬಕ್ಕೂ ಏನಯ್ಯ ಸಂಬಂಧ ಎಂದು ಕೇಳಿದೆ. ನನ್ನ ದನಿಯಲ್ಲಿ ಕೋಪವಿತ್ತೆಂಬುದನ್ನು ಮರೆಮಾಡುವುದಿಲ್ಲ. ನಿನ್ನ ಮೌಢ್ಯಕ್ಕೆ ಎಲ್ಲೋ ಒಂದು ಮನೆಯಲ್ಲಿ ಮಕ್ಕಳು ಸಾಯಬಹುದಾಗಿತ್ತು ಎಂದೆ.

“ಡಬ್ಬಕ್ಕೆ ಸಂಬಂದ ಇಲ್ಲ ಸಾ,” ಎಂದ. “ನಂಗದೆ.”

ಆಮೇಲೆ ಅವನು ಹೇಳಿದ್ದು ಅಷ್ಟು ದಿನಗಳಲ್ಲಿ ಅವನು ಆಡಿದ ಮಾತುಗಳನ್ನೆಲ್ಲ ಕೂಡಿಸಿದರೂ ಮೀರುವಷ್ಟಿತ್ತು. ಎರಡು ವರ್ಷದ ಹಿಂದೆ ಅವನ ಬಾಮೈದ ಮಾದೇವ ಅವನ ಜೊತೆಯಲ್ಲೇ ಅಲ್ಲಿ ಕೆಲಸಕ್ಕಿದ್ದ. ರಿಟಾರ್ಟಿನ ಮುಚ್ಚಳವನ್ನು ಬಿಗಿಹಿಡಿಯುವ ಬೋಲ್ಟುಗಳ ಎಳೆಗಳು ಸವೆದಿದ್ದವು. ಒಂದು ಶುಕ್ರವಾರ ಸ್ಟೀಮ್ ಬಿಟ್ಟೊಡನೆ ಒಂದು ಬೋಲ್ಟು ಕಿತ್ತುಕೊಂಡಿತು. ಮುಚ್ಚಳ ಆ ಬದಿಯಿಂದ ಎದ್ದು ಬಿಸಿ ಉಗಿ ಮಾದೇವನ ಬಲಗೈಯನ್ನೂ ಕತ್ತನ್ನೂ ಬೇಯಿಸಿತು. ಮನೆಯಲ್ಲಿ ಬಿಸಿನೀರಿನ ಹಂಡೆ ಮೈಮೇಲೆ ಬಿತ್ತೆಂದು ಆಸ್ಪತ್ರೆಯಲ್ಲಿ ಹೇಳಿಸಿದರು. ಕಿತ್ತ ಬೋಲ್ಟಿಗೆ ಬೆಸುಗೆ ಹಾಕಿ ಮತ್ತೆ ಅದನ್ನೇ ಬಿಗಿದರು.

“ಬೋಲ್ಟ್ ಆಕ್ಸಿ ಅಂತ ದೊಡ್ಡವ್ರ್ ಇದ್ದಾಗ್ಲೂ ಕೇಳ್ದಿ, ಇವ್ರ್ ಬಂದ್ ಮ್ಯಾಕೂ ಕೇಳ್ದಿ. ಆಮ್ಯಾಕೆ ಆಮ್ಯಾಕೆ ಅಂದ್ರು,” ಎಂದ ಶಿವಮಲ್ಲು. “ಅವ್ರು ಬೋಲ್ಟ್ ಆಕ್ಸದಿಲ್ಲ. ನಾನು ಕೆಲ್ಸ ಬುಡಕಾಯ್ತದಾ? ಅವತ್ತು ಅದು ಕಿತ್ಕಂಡಿದ್ದು ರಾಹುಕಾಲ್ದಲ್ಲೇಯ. ಬೋಲ್ಟ್ ನನ್ ಕೈಲಿಲ್ಲ ಸಾ, ಹೊತ್ತಾದ್ರೂ ನನ್ ಕೈಲದಲ್ಲ. ಅದ್ನಾದ್ರೂ ನೋಡ್ಕಂಡು ಬುಡ್ತೀನಿ.”

ಅವನನ್ನು ನಂಬುವ ಮೊದಲು ಹೆಡತಲೆಗೆ ಹೋಗಿ ಮಾದೇವನನ್ನು ಕಂಡು ಬಂದೆ. ಯಾರ ಮಾತನ್ನೂ ಕೇಳಿದಷ್ಟಕ್ಕೆ ನಂಬುವ ಅಭ್ಯಾಸ ನನಗಿಲ್ಲ. ಮಾದೇವ ಸೆಖೆಯಿಲ್ಲದಿದ್ದರೂ ಅಂಗಿಯ ಗುಂಡಿ ಬಿಚ್ಚಿ ಕೂತಿದ್ದ. ಕತ್ತಿನ ಸುತ್ತ ಬಟ್ಟೆ ತಾಗಿದರೆ ಈಗಲೂ ಉರಿಯುತ್ತದೆಂದ. ಬಲಗೈಯ ಬೆರಳುಗಳು ಪೂರ್ತಿ ಮಡಿಚುತ್ತಿರಲಿಲ್ಲ. ಕಾಫಿ ಲೋಟವನ್ನು ಎಡಗೈಯಲ್ಲಿ ಕೊಟ್ಟು, “ತಪ್ಪು ತಿಳ್ಕಬ್ಯಾಡಿ ಸಾ, ಆ ಕೈ ಆಗದಿಲ್ಲ,” ಎಂದ. ನನಗೆ ಮೊದಲ ಲೋಟವನ್ನೇ ಕೊಟ್ಟಿದ್ದ.

ಗಿರೀಶನಿಗೆ ವಿಷಯ ತಿಳಿಸಿದಾಗ ಅವನ ಮುಖದಲ್ಲಿ ಮೂಡಿದ್ದು ನಾಚಿಕೆಯಲ್ಲ, ನೆಮ್ಮದಿ. “ಸೂಪರ್‌ಸ್ಟಿಷನ್! ನೋಡಿದ್ರಾ ಸಾರ್, ಇಂಥಾ ಜನ ಇಟ್ಕೊಂಡು ನಾವು ಬಿಸಿನೆಸ್ ಮಾಡಬೇಕು,” ಎಂದು ನಕ್ಕ. ಬೋಲ್ಟಿನ ಮಾತೆತ್ತಿದೆ. ಅದು ತಂದೆಯ ಕಾಲದ್ದು, ಆಗಲೇ ರಿಪೇರಿಯಾಗಿದೆ ಎಂದ. ರಿಪೇರಿ ಎಂಬುದು ಬೆಸುಗೆ, ಹೊಸ ಬೋಲ್ಟಲ್ಲ ಎಂದೆ. ಹೊಸ ಬೋಲ್ಟು ಹಾಕಿಸದ ಹೊರತು ವರದಿ ಕೊಡುವುದಿಲ್ಲ, ಗೋದಾಮಿನ ಬೀಗದ ಕೈಯನ್ನೂ ಕೊಡುವುದಿಲ್ಲ ಎಂದು ನಾನು ಹೇಳಿದ ಮೇಲೆ, ಗಿರೀಶ ಬೋಲ್ಟುಗಳನ್ನೆಲ್ಲ ಬದಲಿಸುವಂತೆ ಚಂದ್ರುವಿಗೆ ನನ್ನ ಎದುರಿನಲ್ಲೇ ಫೋನಿನಲ್ಲಿ ಹೇಳಿದ. ಹೇಳಿ, ತನ್ನ ಷರತ್ತನ್ನೂ ಹಾಕಿದ. ಬರುವ ಶುಕ್ರವಾರ, ರಾಹುಕಾಲದಲ್ಲಿಯೇ, ಎಲ್ಲರ ಮುಂದೆ ಶಿವಮಲ್ಲು ಸ್ಟೀಮ್ ಬಿಡಬೇಕು. ಬಿಟ್ಟರೆ ಸರಿ. ಬಿಡದಿದ್ದರೆ ಅಂದೇ ಕೆಲಸದಿಂದ ಹೊರಗೆ, ಬೇಕೆಂದೇ ಸರಕು ಕೆಡಿಸಿದನೆಂಬ ದೂರು ಸ್ಟೇಷನ್ನಿಗೆ.

ಆ ಶುಕ್ರವಾರ ಶಿವಮಲ್ಲು ಹೊಸದಾಗಿ ಒಗೆದ ಅಂಗಿ ತೊಟ್ಟು ಬಂದಿದ್ದ. ಬಿಡುತ್ತೀಯಾ ಎಂದು ಕೇಳಿದೆ. ಮಗಳ ವರ್ಷ ಮುಗಿಯುವವರೆಗಾದರೂ ಕೆಲಸ ಬೇಕಲ್ಲ ಎಂದ. ಕೆಂಪಮ್ಮ ಮತ್ತು ಉಳಿದ ಹೆಂಗಸರು ಅವರೆಕಾಯಿ ಬಿಟ್ಟು ಬಂದು ಕಂಬಗಳ ಹಿಂದೆ ನಿಂತಿದ್ದರು. ಮುಂದೆ ಬನ್ನಿ ಎಂದರೆ ಯಾರೂ ಬರಲಿಲ್ಲ. ಪರೀಕ್ಷೆಗೆಂದು ಬರೀ ನೀರು ತುಂಬಿದ ಡಬ್ಬಗಳ ಕ್ರೇಟನ್ನು ಒಳಗಿಳಿಸಿ ಮುಚ್ಚಳ ಬಿಗಿದಾಗಿತ್ತು.

ನಾನು ಮುಚ್ಚಳದ ಸುತ್ತ ಒಂದು ಸುತ್ತು ಬಂದೆ. ನಾಲ್ಕು ಬೋಲ್ಟುಗಳೂ ಬೆಳ್ಳಿಯ ಬಣ್ಣದಲ್ಲಿ ಥಳಥಳಿಸುತ್ತಿದ್ದವು. ಮುಟ್ಟಹೋದರೆ, “ಪೇಂಟ್ ಹಸಿ ಸಾರ್, ಕೈಗಂಟತ್ತೆ,” ಎಂದು ಚಂದ್ರು ತಡೆದ. ಕೈ ಹಿಂದೆಗೆದುಕೊಂಡೆ. ಅಂಗಡಿಯಿಂದ ಬಂದ ಹೊಸ ಬೋಲ್ಟು ತಾನಾಗಿಯೇ ಹೊಳೆಯುತ್ತದೆ. ಅದಕ್ಕೆ ಬಣ್ಣ ಬಳಿಯುವ ಶ್ರಮವನ್ನು ಯಾರಾದರೂ ಏಕೆ ತೆಗೆದುಕೊಳ್ಳುತ್ತಾರೆ? ಕೇಳಬಹುದಾಗಿತ್ತು. ಆದರೆ ನಾನು ಕೇಳಿದರೆ ಚಂದ್ರು ನನಗೆ ಯಾವ ಉತ್ತರ ಕೊಡುತ್ತಾನೆಂಬುದು ನನಗೆ ಗೊತ್ತಿತ್ತು. ಮೂರನೆಯ ಲೋಟದ ಕಾಫಿಯವನಿಗೆ ಸಲ್ಲುವ ಉತ್ತರ ಅದು. ಆ ಪ್ರಶ್ನೆ ಬೇರೆಯವರ ಬಾಯಿಂದ ಬರಬೇಕಾಗಿತ್ತು.

ಗಿರೀಶ ಹೇಳಿದ ಹೊತ್ತಿಗೆ ಬರಲಿಲ್ಲ. ರಾಹುಕಾಲ ಶುರುವಾಯಿತು, ಅರ್ಧವಾಯಿತು. ದಾರಿಯಲ್ಲಿದ್ದೇನೆಂದು ಫೋನ್ ಬಂತು. ರಾಹುಕಾಲ ಮುಗಿದು, ಮಧ್ಯಾಹ್ನದ ಸೈರನ್ನು ಆದ ಮೇಲೆ ಕಾರು ಗೇಟಿನೊಳಗೆ ಬಂದಿತು. ಬಂದ ಮೇಲೂ ಅವನು ಅದರೊಳಗೇ ಕುಳಿತು ಯಾರೊಂದಿಗೋ ಬಹಳ ಹೊತ್ತು ಮಾತನಾಡುತ್ತಿದ್ದ. ನಿಜವಾಗಿ ಕೆಲಸವಿತ್ತೋ, ಆ ಹೊತ್ತು ಕಳೆಯಲೆಂದೇ ಕಾದನೋ, ನನಗೆ ಇಂದಿಗೂ ಅನುಮಾನವಿದೆ. ಒಳಬಂದವನೇ, ಟ್ರಾಫಿಕ್ ಎಂದ. ನಂಜನಗೂಡಿನಲ್ಲಿ.

ಸರಿ, ಬಿಡು ಎಂದು ಶಿವಮಲ್ಲುವಿಗೆ ಹೇಳಿ ಅವನು ಆಫೀಸಿನ ಕಡೆಗೆ ತಿರುಗಿದ. ನಾನು ಅವನನ್ನು ತಡೆದೆ. ನಾನು ಶಿವಮಲ್ಲುವಿನ ಎಡಕ್ಕೆ ನಿಲ್ಲುತ್ತೇನೆ, ನೀವು ಬಲಕ್ಕೆ ನಿಲ್ಲಿ, ಯಜಮಾನರೇ ನಿಂತರೆ ಇವರೆಲ್ಲರ ಭಯ ಇವತ್ತೇ ಹೋಗುತ್ತದೆ ಎಂದು ಆದಷ್ಟು ಮೃದುವಾಗಿ ಹೇಳಿದೆ. ಬಲಗಡೆ ಮಾದೇವ ನಿಂತಿದ್ದ ಜಾಗವೆಂದು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ಅಲ್ಲಿದ್ದವರೆಲ್ಲರಿಗೂ ಗೊತ್ತಿತ್ತು.

ಹೆಂಗಸರು ನೋಡುತ್ತಿದ್ದರು. ಗಿರೀಶ ನಗುತ್ತಲೇ ಬಂದು ನಿಂತ. ಶಿವಮಲ್ಲು ಸ್ಟೀಮಿನ ಚಕ್ರದ ಮೇಲೆ ಎರಡೂ ಕೈ ಇಟ್ಟು, “ಬುಡ್ಲಾ ಸಾ?” ಎಂದ. ನಾನು ಹೆದರಿದ್ದು ರಾಹುವಿಗಲ್ಲ, ಆ ಬೆಳ್ಳಿಯ ಬಣ್ಣಕ್ಕೆ.

ಗಿರೀಶ ತನ್ನ ಎದೆಯ ಮಟ್ಟದಲ್ಲಿದ್ದ ಬೋಲ್ಟನ್ನೇ ನೋಡುತ್ತಿದ್ದ. ಆಮೇಲೆ ತಲೆ ತಿರುಗಿಸದೆ, ತಗ್ಗಿದ ದನಿಯಲ್ಲಿ ಕೇಳಿದ.

“ಚಂದ್ರು. ಎಲ್ಲಾನೂ ಹೊಸದೇ ತಾನೆ?”

ಚಂದ್ರು ಕೈಯಲ್ಲಿದ್ದ ಸ್ಪ್ಯಾನರನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ. “ಮೂರು ಹೊಸದು ಸಾರ್. ಈ ಅಳತೆದು ಇನ್ನೊಂದು ಮೈಸೂರಲ್ಲಿ ಸಿಗಲಿಲ್ಲ. ಅದಕ್ಕೆ ಹಳೇದಕ್ಕೆ ಪೇಂಟ್ ಹೊಡ್ದಿದೀನಿ. ಸದ್ಯಕ್ಕೆ ತಡ್ಕೊಳತ್ತೆ.”

“ಯಾವುದು ಹಳೇದು?”

ಚಂದ್ರು ಸ್ಪ್ಯಾನರಿನ ತುದಿಯಿಂದ ತೋರಿಸಿದ. ಗಿರೀಶನ ಎದೆಯ ಮುಂದಿನದು.

ಅವನು ಹಿಂದಕ್ಕೆ ಸರಿದ. ಒಂದು ಹೆಜ್ಜೆಯಲ್ಲ, ಕೆಂಪಮ್ಮನ ಕಂಬದವರೆಗೂ ಸರಿದ. ಯಾರೂ ನಗಲಿಲ್ಲ. ಕೆಂಪಮ್ಮ ಪಕ್ಕಕ್ಕೆ ಸರಿದು ಅವನಿಗೆ ಜಾಗ ಮಾಡಿಕೊಟ್ಟಳು.

“ಬೇಡ, ಬಿಡಬೇಡ,” ಎಂದ ಗಿರೀಶ.

ಶಿವಮಲ್ಲು ಚಕ್ರದಿಂದ ಕೈ ತೆಗೆದ. ನಾನು ಗಿರೀಶನ ಬಳಿಗೆ ಹೋಗಿ, ಎರಡು ವರ್ಷದಿಂದ ಈ ಮನುಷ್ಯ ಹೇಳುತ್ತಿದ್ದ ಮಾತನ್ನೇ ನೀವು ಈಗ ಹೇಳಿದಿರಿ, ಸ್ಟೇಷನ್ನಿಗೆ ಕೊಡುವ ದೂರಿನಲ್ಲಿ ಯಾರ ಹೆಸರು ಬರೆಯಲಿ ಎಂದು ಕೇಳಿದೆ. ಅವನು ನನ್ನ ಮುಖ ನೋಡಲಿಲ್ಲ. ಶಿವಮಲ್ಲು ಇರಲಿ ಸಾರ್, ನೀವು ನೋಡಿದ್ದನ್ನ ನೋಡಿದ ಹಾಗೇ ಬರೀರಿ ಎಂದ. ನಾಲ್ಕನೆಯ ಹೊಸ ಬೋಲ್ಟನ್ನೂ ಹಾಕಿಸಿದ ಮೇಲೆ ಹಾಗೆಯೇ ಬರೆದೆ: ಮೊದಲು ಬೋಲ್ಟು, ಅದರಿಂದ ಭಯ, ಭಯದಿಂದ ಕಾಯುವಿಕೆ, ಕಾದು ಆರಿದ ಡಬ್ಬ. ಅಡಿಯಲ್ಲಿ ನನ್ನ ಹೆಸರನ್ನು ಪೂರ್ತಿಯಾಗಿ ಬರೆದೆ. ಗೋದಾಮಿನ ಸರಕನ್ನು ಉಬ್ಬಿದ್ದು ಉಬ್ಬದ್ದು ಎನ್ನದೆ ಹಳ್ಳ ತೋಡಿ ಹೂಳಿಸಿದರು. ಕೊನೆಯ ಡಬ್ಬ ಮಣ್ಣಿನ ಕೆಳಗೆ ಹೋಗುವವರೆಗೂ ನಾನು ಕದಲಲಿಲ್ಲ. ಮರುವರ್ಷ ನನ್ನನ್ನು ಕರೆಯಲಿಲ್ಲ. ಕರೆಯುತ್ತಾರೆಂದು ನಾನೂ ತಿಳಿದಿರಲಿಲ್ಲ.

ಆ ಶುಕ್ರವಾರ ಮಾತ್ರ ಸಂಜೆಯವರೆಗೂ ರಿಟಾರ್ಟಿಗೆ ಸ್ಟೀಮ್ ಬಿಡಲಿಲ್ಲ. ರಾಹುಕಾಲ ಮುಗಿದು ಬಹಳ ಹೊತ್ತಾಗಿತ್ತು.